ಸಾಕುಬೆಕ್ಕಿನ ವಾಂತಿ: ಕಾರಣ ಹುಡುಕುವ ಬಗೆ, ಆಹಾರದಿಂದ ಸರಿಪಡಿಸಬಹುದಾದಷ್ಟು

ಬೆಕ್ಕು ಸಾಕಿದ ಮನೆಯಲ್ಲಿ ವಾಂತಿ ಒರೆಸುವುದು ಅಪರೂಪದ ಕೆಲಸವೇನಲ್ಲ. ಅದರಿಂದಾಗಿಯೇ, "ಬೆಕ್ಕು ಎಂದಮೇಲೆ ಕಾರುತ್ತದೆ ಬಿಡಿ" ಎಂದು ನೆಲ ಒರೆಸಿ ಸುಮ್ಮನಾಗುವುದೂ ರೂಢಿಯಾಗಿದೆ. ತಿಂಗಳಿಗೊಮ್ಮೆ ಕೂದಲಿನ ಉಂಡೆಯನ್ನೋ ಹುಲ್ಲನ್ನೋ ಕಾರಿ, ಮರುಗಳಿಗೆಯಲ್ಲಿ ಏನೂ ಆಗದಂತೆ ತಟ್ಟೆಯ ಮುಂದೆ ಬಂದು ಕೂರುವ ಬೆಕ್ಕಿನ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ಆದರೆ ತಿಂಗಳಿಗೆ ಎರಡು ಮೂರು ಬಾರಿ, ಅದೂ ತಿಂಗಳ ಮೇಲೆ ತಿಂಗಳು ಕಾರುತ್ತಲೇ ಇರುವ ಬೆಕ್ಕಿಗೆ ಒಂದು ಕಾರಣ ಇದ್ದೇ ಇರುತ್ತದೆ, ಮತ್ತು ಅದನ್ನು ಹುಡುಕಬಹುದು. ಹುಡುಕುವಾಗ ನಾವು ಮಾಡುವ ದೊಡ್ಡ ತಪ್ಪೆಂದರೆ ವಾಂತಿಯಾದ ದಿನವೇ ಆಹಾರ ಬದಲಿಸುವುದು, ಮೂರು ದಿನ ಕಳೆದು ಅದನ್ನೂ ಬದಲಿಸುವುದು, ನಡುವೆ ಯಾರೋ ಹೇಳಿದರೆಂದು ಒಂದು ಔಷಧಿಯನ್ನೂ ಸೇರಿಸುವುದು. ಇಷ್ಟೆಲ್ಲ ಒಟ್ಟಿಗೆ ನಡೆದಾಗ ಯಾವುದರಿಂದ ವಾಂತಿಯಾಯಿತು, ಯಾವುದರಿಂದ ನಿಂತಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೇಲಾಗಿ ಪದೇಪದೇ ಬದಲಾಗುವ ಆಹಾರವೇ ಹೊಟ್ಟೆ ಕೆಡಿಸುತ್ತದೆ. ಆದ್ದರಿಂದ ಮೊದಲು ಇದು ತುರ್ತಿನ ಸಂಗತಿಯೇ ಎಂದು ನೋಡಬೇಕು, ಆಮೇಲೆ ವಾಂತಿಯ ಹೊತ್ತನ್ನು ಗುರುತಿಸಬೇಕು, ಅನಂತರ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕಾಯಬೇಕು.

ಆಹಾರದ ಮಾತು ಬೇಡ, ಆಸ್ಪತ್ರೆಗೆ ಹೊರಡಿ ಎನ್ನುವ ಸಂದರ್ಭಗಳು

ಕೆಲವೇ ಗಂಟೆಗಳಲ್ಲಿ ಮೂರು ನಾಲ್ಕು ಬಾರಿ ವಾಂತಿಯಾಗಿ ಕುಡಿದ ನೀರೂ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂತಹ ಕಂದು ಚೂರುಗಳು ಕಂಡರೆ, ವಾಂತಿಗೆ ಮಲದ ವಾಸನೆ ಇದ್ದರೆ, ಬೆಕ್ಕು ಮಂಚದ ಕೆಳಗೆ ಸೇರಿ ಕರೆದರೂ ಬಾರದಿದ್ದರೆ, ಒಂದು ದಿನವಿಡೀ ಏನನ್ನೂ ತಿನ್ನದಿದ್ದರೆ ಕಾಯುವುದು ಸಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಮುಕ್ಕರಿಯುತ್ತಿದ್ದು, ಜೊತೆಗೆ ವಾಂತಿಯೂ ಇದ್ದರೆ ಅದು ಬಹುಮಟ್ಟಿಗೆ ಹೊಟ್ಟೆಯ ತೊಂದರೆಯಲ್ಲ; ಮೂತ್ರನಾಳ ಕಟ್ಟಿಕೊಂಡು ಹೊರಹೋಗಬೇಕಾದ ಕಲ್ಮಷ ರಕ್ತದಲ್ಲಿ ಏರುತ್ತಿರುವುದರ ಸೂಚನೆ. ಇದನ್ನು ಮಲಬದ್ಧತೆ ಎಂದು ತಪ್ಪು ತಿಳಿದು ಒಂದು ರಾತ್ರಿ ಕಳೆದ ಎಷ್ಟೋ ಮನೆಗಳಲ್ಲಿ ಬೆಳಗಿನ ಹೊತ್ತಿಗೆ ಬೆಕ್ಕು ಕೈಮೀರಿರುತ್ತದೆ.

ನಮ್ಮ ಮನೆಗಳಿಗೇ ವಿಶೇಷವಾದ ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು: ಹೂ ಕಟ್ಟುವ ದಾರ. ಮುಡಿದು ತೆಗೆದಿಟ್ಟ ಮಲ್ಲಿಗೆಯ ದಂಡೆ, ದೇವರ ಪಟದಿಂದ ಇಳಿಸಿದ ಹಾರ, ಗಾಳಿಪಟದ ದಾರ, ಹೊಲಿಗೆಯ ನೂಲು ಎಲ್ಲವೂ ಬೆಕ್ಕಿಗೆ ಆಟದ ವಸ್ತುಗಳೇ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳೆಲ್ಲ ಗಂಟಲಿನ ಕಡೆಗೇ ಬಾಗಿರುವುದರಿಂದ ಒಮ್ಮೆ ಬಾಯಿಗೆ ಸೇರಿದ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡು ಉಳಿದ ಭಾಗ ಕರುಳಿಗೆ ಇಳಿದರೆ, ಕರುಳು ಲಾಡಿ ಎಳೆದ ಪಾಯಿಜಾಮದಂತೆ ಮುದುಡಿಕೊಳ್ಳುತ್ತದೆ, ದಾರ ಕರುಳಿನ ಗೋಡೆಯನ್ನು ಕೊಯ್ಯತೊಡಗುತ್ತದೆ. ಬಾಯಿಯಲ್ಲಾಗಲಿ ಗುದದ್ವಾರದಲ್ಲಾಗಲಿ ದಾರದ ತುದಿ ಕಂಡರೆ ಎಳೆಯಲೇಬಾರದು. ಹಾಗೆಯೇ ವೈದ್ಯರ ಬಳಿಗೆ ಒಯ್ಯಬೇಕು.

ವಿಷದ ಸಂಗತಿಯೂ ಹೀಗೆಯೇ. ಹೂಗುಚ್ಛಗಳಲ್ಲಿ ಬರುವ ಏಷ್ಯಾಟಿಕ್ ಮತ್ತು ಓರಿಯೆಂಟಲ್ ಲಿಲಿಗಳ ಎಲೆ, ದಳ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಗಳನ್ನು ಒಂದೆರಡು ದಿನಗಳಲ್ಲೇ ಹಾಳುಮಾಡಬಲ್ಲವು, ಮತ್ತು ಅದರ ಮೊದಲ ಲಕ್ಷಣ ಬರಿಯ ವಾಂತಿ. ಜ್ವರವೆಂದು ಮನುಷ್ಯರಿಗೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕರಗಿಸಿ ವಿಲೇವಾರಿ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ; 500 ಮಿಲಿಗ್ರಾಂನ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ವಿಷ ತಿಂದಿದೆ ಎಂಬ ಅನುಮಾನವಿದ್ದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬೆಕ್ಕಿನ ಮೇಲೆ ಪ್ರಯೋಗಿಸಬಾರದು, ಉಪ್ಪೇ ಇನ್ನೊಂದು ವಿಷವಾಗುತ್ತದೆ.

ಮರಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಲಸಿಕೆ ಹಾಕಿಸದ ಮರಿ ವಾಂತಿ ಮಾಡಿಕೊಂಡು, ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕುಡಿಯಲಾರದೆ ಕೂತಿದ್ದರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ಪಾರ್ವೋ ಗುಂಪಿನ ವೈರಾಣುವಿನ ಸೋಂಕನ್ನು ಮೊದಲು ಅನುಮಾನಿಸಬೇಕು. ಈ ವೈರಾಣು ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು, ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಬ್ಲೀಚ್ ದ್ರಾವಣ ಬೇಕು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಹಾಕಿಸುವ ಲಸಿಕೆಯೇ ಇದಕ್ಕೆ ರಕ್ಷಣೆ. ಲವಲವಿಕೆಯಿಂದಿರುವ ಮರಿ ಶ್ಯಾವಿಗೆಯಂತಹ ಬಿಳಿಯ ಹುಳುಗಳನ್ನು ಕಾರಿದರೆ ಅದು ಜಂತುಹುಳು, ತಾಯಿಯ ಹಾಲಿನಿಂದಲೇ ಬಂದಿರುತ್ತದೆ. ತೂಕ ನೋಡಿ ಕೊಡುವ ಜಂತುನಾಶಕದಿಂದ ಅದು ಹೋಗುತ್ತದೆ.

ಅದು ವಾಂತಿಯೇ?

ತುರ್ತು ಅಲ್ಲವೆಂದಾದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ವಾಂತಿಗೆ ಮುನ್ನ ಬೆಕ್ಕು ಚಡಪಡಿಸುತ್ತದೆ, ತುಟಿ ನೆಕ್ಕುತ್ತದೆ, ಜೊಲ್ಲು ಸುರಿಸುತ್ತದೆ, ಒಂದು ಬಗೆಯ ದೀರ್ಘ ಸ್ವರದಲ್ಲಿ ಕೂಗುವುದೂ ಉಂಟು. ಆಮೇಲೆ ಹೊಟ್ಟೆಯ ಸ್ನಾಯುಗಳು ಎದ್ದು ಕಾಣುವಂತೆ ಒತ್ತುತ್ತವೆ. ಇದ್ಯಾವುದೂ ಇಲ್ಲದೆ, ತಲೆ ತಗ್ಗಿಸಿದ ಕೂಡಲೇ ಕೊಳವೆಯಾಕಾರದಲ್ಲಿ ಅಗಿಯದ ಆಹಾರ ಜಾರಿ ಬಿದ್ದರೆ ಅದು ಜಠರದಿಂದ ಬಂದದ್ದಲ್ಲ, ಅನ್ನನಾಳದಿಂದಲೇ ಹಿಂದಿರುಗಿದ್ದು. ಕುತ್ತಿಗೆ ಮುಂದಕ್ಕೆ ಚಾಚಿ, ನೆಲಕ್ಕೆ ಅಂಟಿ ಕೂತು, ಗೊರಗೊರ ಸದ್ದು ಮಾಡಿ ಕೊನೆಗೆ ಏನೂ ಹೊರಬಾರದಿದ್ದರೆ ಅದು ಬಹುತೇಕ ಕೆಮ್ಮು, ಬೆಕ್ಕಿಗೂ ಆಸ್ತಮಾ ಬರುತ್ತದೆ. "ಉಂಡೆ ಸಿಕ್ಕಿಕೊಂಡಿದೆ" ಎಂದು ತಿಂಗಳುಗಟ್ಟಲೆ ಕೂದಲುಂಡೆ ಸಾಗಿಸುವ ಪೇಸ್ಟ್ ನೆಕ್ಕಿಸುತ್ತ ಬಂದ ಬೆಕ್ಕಿಗೆ ಬೇಕಾಗಿದ್ದದ್ದು ಉಸಿರಾಟದ ಔಷಧಿ ಎಂದು ಗೊತ್ತಾಗುವ ಪ್ರಸಂಗಗಳು ಕಡಿಮೆಯಿಲ್ಲ. ಮೂರನ್ನೂ ಮಾತಿನಲ್ಲಿ ವರ್ಣಿಸಿ ವೈದ್ಯರಿಗೆ ತಿಳಿಸುವುದು ಕಷ್ಟ. ಮೊಬೈಲಿನಲ್ಲಿ ಹತ್ತು ಸೆಕೆಂಡಿನ ವಿಡಿಯೋ ತೆಗೆದಿಟ್ಟುಕೊಂಡರೆ ಪರೀಕ್ಷೆಗಳ ಅರ್ಧ ಖರ್ಚು ಉಳಿದೀತು.

ಅನ್ನನಾಳದಿಂದ ಆಹಾರ ಹಿಂದಿರುಗುವುದಕ್ಕೆ ನಾವೇ ತಂದುಕೊಳ್ಳುವ ಒಂದು ಕಾರಣವಿದೆ. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳನ್ನು ಒಣದಾಗಿ ನುಂಗಿಸಿದಾಗ ಅವು ಅನ್ನನಾಳದಲ್ಲೇ ತಂಗಿ ಒಳಪದರವನ್ನು ಸುಡುತ್ತವೆ, ಗಾಯ ಮಾಯುವಾಗ ಅನ್ನನಾಳ ಕಿರಿದಾಗುತ್ತದೆ. ಮಾತ್ರೆ ನುಂಗಿಸಿದ ಕೂಡಲೇ ಸೂಜಿಯಿಲ್ಲದ ಸಿರಿಂಜಿನಿಂದ ಐದಾರು ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ನಿಧಾನವಾಗಿ ಕುಡಿಸಬೇಕು, ಇಲ್ಲವೇ ಒಂದಿಷ್ಟು ಒದ್ದೆ ಆಹಾರ ತಿನ್ನಿಸಬೇಕು.

ಹೊತ್ತು ಹೇಳುವ ಕಥೆ

ವಾಂತಿಯ ಬಣ್ಣಕ್ಕಿಂತ ಅದು ತಿಂದ ಎಷ್ಟು ಹೊತ್ತಿನ ಮೇಲೆ ಬಂತು ಎಂಬುದು ಹೆಚ್ಚು ಸುಳಿವು ಕೊಡುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ: ಎಷ್ಟು ಹೊತ್ತಿಗೆ ತಿಂದಿತು, ಏನು ತಿಂದಿತು, ಎಷ್ಟು ಹೊತ್ತಿಗೆ ಕಾರಿತು, ಏನು ಬಂತು, ಆಮೇಲೆ ಹೇಗಿತ್ತು. ಜೊತೆಗೆ ವಾರಕ್ಕೊಮ್ಮೆ ತೂಕ. ನಾಲ್ಕು ಕಿಲೋದ ಬೆಕ್ಕು 200 ಗ್ರಾಂ ಇಳಿದರೆ ಅದು ದೇಹತೂಕದ ಶೇಕಡಾ 5 ಆಯಿತು. ದಿನವೂ ನೋಡುವ ಕಣ್ಣಿಗೆ, ಅದರಲ್ಲೂ ರೋಮದ ಅಡಿಯಲ್ಲಿ, ಇದು ಕಾಣುವುದೇ ಇಲ್ಲ. ಪ್ರಯಾಣದ ಚೀಲ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಬೆಕ್ಕನ್ನು ಕೂರಿಸಿದ ಬುಟ್ಟಿಯನ್ನು ತೂಗುಹಾಕಿದರೆ ಸಾಕಷ್ಟು ನಿಖರವಾದ ತೂಕ ಸಿಗುತ್ತದೆ.

ತಿಂದ ಐದು ಹತ್ತು ನಿಮಿಷಗಳಲ್ಲಿ, ಇನ್ನೂ ಆಕಾರ ಕೆಡದ ಆಹಾರ ಹೊರಬಂದರೆ ಗಬಗಬ ತಿಂದದ್ದೇ ಕಾರಣವಿರಬಹುದು. ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಅರೆಬರೆ ಜೀರ್ಣವಾದದ್ದು ಬಂದರೆ ಆಹಾರ ಒಗ್ಗದಿರುವುದು, ಕೆಟ್ಟಿರುವುದು ಅಥವಾ ಜಠರದ ಉರಿಯೂತವನ್ನು ನೆನೆಯಬೇಕು. ಹನ್ನೆರಡು ಗಂಟೆ ಕಳೆದ ಮೇಲೂ ತಿಂದದ್ದು ತಿಂದ ಹಾಗೆಯೇ ಬಂದರೆ ಜಠರ ಖಾಲಿಯಾಗುವ ದಾರಿಯಲ್ಲಿ ತಡೆಯಿದೆ ಎಂದರ್ಥ, ಅದಕ್ಕೆ ಎಕ್ಸ್-ರೇ ಅಥವಾ ಸ್ಕ್ಯಾನಿಂಗ್ ಬೇಕು. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಬಿಳಿ ನೊರೆಯೋ ಹಳದಿ ಪಿತ್ತವೋ ಬಂದು, ತಿಂಡಿ ತಿಂದಕೂಡಲೇ ಬೆಕ್ಕು ಸರಿಹೋದರೆ ಊಟಗಳ ನಡುವಿನ ಅಂತರ ಹೆಚ್ಚಾಗಿರಬಹುದು. ರಾತ್ರಿ ಮಲಗುವ ಮುನ್ನ ಒಂದು ಹಿಡಿ ಆಹಾರ ಕೊಟ್ಟು ಎರಡು ವಾರ ನೋಡಿ. ನಿಂತರೆ ಅಷ್ಟೇ, ನಿಲ್ಲದಿದ್ದರೆ ಖಾಲಿ ಹೊಟ್ಟೆ ನೆಪ ಮಾತ್ರ.

ಗಬಗಬ ತಿನ್ನುವ ಬೆಕ್ಕು

ಕಾಡಿನಲ್ಲಾಗಲಿ ಗದ್ದೆಯಲ್ಲಾಗಲಿ ತನ್ನ ಪಾಡಿಗೆ ಬದುಕುವ ಬೆಕ್ಕು ದಿನವಿಡೀ ಸಣ್ಣ ಸಣ್ಣ ಬೇಟೆಗಳನ್ನು ತಿನ್ನುತ್ತದೆ. ಒಂದು ಇಲಿಮರಿಯಷ್ಟು ಬೇಟೆಯಲ್ಲಿ ಸಿಗುವುದು ಸುಮಾರು 30 ಕಿಲೋಕ್ಯಾಲೊರಿ. ನಾಲ್ಕು ಕಿಲೋದ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಬೇಕಾಗುವುದು 200ರಿಂದ 250. ಅಂದರೆ ಅದರ ಜಠರ ಏಳೆಂಟು ತುತ್ತುಗಳ ದಿನಚರಿಗೆ ಹೊಂದಿಕೊಂಡದ್ದು. ನಾವೋ, ಕೆಲಸಕ್ಕೆ ಹೊರಡುವ ಮುನ್ನ ಒಂದು ಬಟ್ಟಲು, ಬಂದ ಮೇಲೆ ಇನ್ನೊಂದು ಬಟ್ಟಲು ಸುರಿಯುತ್ತೇವೆ. ಹಸಿದ ಬೆಕ್ಕು, ಅದರಲ್ಲೂ ಪಕ್ಕದಲ್ಲಿ ಇನ್ನೊಂದು ಬೆಕ್ಕು ಇದ್ದಾಗ, ಒಣ ಆಹಾರವನ್ನು ಅಗಿಯದೆ ನುಂಗಿ ಜಠರವನ್ನು ಒಮ್ಮೆಗೇ ಹಿಗ್ಗಿಸುತ್ತದೆ, ಹಿಗ್ಗಿದ ಜಠರ ಹಿಂದಕ್ಕೆ ತಳ್ಳುತ್ತದೆ.

ಇಲ್ಲಿ ಬದಲಿಸಬೇಕಾದದ್ದು ಆಹಾರವನ್ನಲ್ಲ, ಬಡಿಸುವ ರೀತಿಯನ್ನು. ದಿನದ ಒಟ್ಟು ಅಳತೆಯನ್ನು, ಸಾಮಾನ್ಯ ಒಣ ಆಹಾರವಾದರೆ ಸುಮಾರು 55ರಿಂದ 65 ಗ್ರಾಂ, ಬೆಳಗ್ಗೆಯೇ ತೂಗಿಟ್ಟುಕೊಂಡು ನಾಲ್ಕೈದು ಪಾಲು ಮಾಡಿ. ಎರಡು ಬೆಕ್ಕುಗಳಿದ್ದರೆ ತಟ್ಟೆಗಳನ್ನು ಬೇರೆ ಮಾಡಿದರೆ ಸಾಲದು, ಒಂದು ಇನ್ನೊಂದರ ಕಣ್ಣಿಗೆ ಬೀಳದಂತೆ ಬೇರೆ ಕೋಣೆಗಳಲ್ಲಿ ಇಡಬೇಕು. ನಿಧಾನವಾಗಿ ತಿನ್ನಿಸುವ ತಟ್ಟೆಗಳು ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಅಟ್ಟ ಸೇರಿದ್ದ ಹಳೆಯ ಅಲ್ಯೂಮಿನಿಯಂ ಪಡ್ಡಿನ ತವಾ ಮಾಡುತ್ತಿದೆ. ಒಂದೊಂದು ಗುಳಿಗೆ ಐದಾರು ಕಾಳು ಹಾಕಿದರೆ ಬೆಕ್ಕು ಪಂಜಿನಿಂದ ಕೆದಕಿ ಕೆದಕಿ ತಿನ್ನಬೇಕಾಗುತ್ತದೆ, ಎರಡು ನಿಮಿಷದ ಊಟ ಹದಿನೈದು ನಿಮಿಷವಾಗುತ್ತದೆ. ಈ ಒಂದು ಬದಲಾವಣೆಯಿಂದ ವಾಂತಿ ನಿಂತರೆ ಬ್ರ್ಯಾಂಡ್ ಬದಲಿಸುವ ಪ್ರಶ್ನೆಯೇ ಬರುವುದಿಲ್ಲ.

ಕೂದಲುಂಡೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಬೇಡಿ

ಮೈ ನೆಕ್ಕಿಕೊಂಡಾಗ ನುಂಗಿದ ಕೂದಲಿನ ಬಹುಭಾಗ ಮಲದೊಂದಿಗೆ ಹೊರಹೋಗುತ್ತದೆ. ಉಳಿದದ್ದು ಜಠರದಲ್ಲಿ ಗಂಟಾಗಿ ಆಗಾಗ ಬೆರಳಿನಂತಹ ಉಂಡೆಯಾಗಿ ಬರುವುದು ಉದ್ದ ರೋಮದ ಬೆಕ್ಕುಗಳಲ್ಲಿ ಸಹಜ. ಆದರೆ ಗಿಡ್ಡ ರೋಮದ ನಾಡಬೆಕ್ಕು ವಾರಕ್ಕೊಮ್ಮೆ ಉಂಡೆ ಕಾರುತ್ತಿದ್ದರೆ ಎರಡರಲ್ಲಿ ಒಂದು ನಡೆದಿದೆ: ಚಿಗಟದಿಂದಲೋ ಚರ್ಮದ ಅಲರ್ಜಿಯಿಂದಲೋ ಅದು ಮಿತಿಮೀರಿ ನೆಕ್ಕಿಕೊಳ್ಳುತ್ತಿದೆ, ಇಲ್ಲವೇ ಕರುಳಿನ ಚಲನೆ ಕುಗ್ಗಿ ಸಾಗಬೇಕಾದ ಕೂದಲು ಸಾಗುತ್ತಿಲ್ಲ. ವಾಂತಿಯಲ್ಲಿ ನಾಲ್ಕು ಕೂದಲು ಕಂಡ ಮಾತ್ರಕ್ಕೆ ವಾಂತಿಗೆ ಕೂದಲೇ ಕಾರಣವೆನ್ನಲಾಗದು. ಬೇರೆ ಕಾರಣದಿಂದ ಕಾರಿದಾಗಲೂ ಜಠರದಲ್ಲಿದ್ದ ಕೂದಲು ಬಂದೇ ಬರುತ್ತದೆ.

ಉಪಾಯಗಳಲ್ಲಿ ಅಗ್ಗದ್ದು ಬಾಚಣಿಗೆ. ರೋಮ ಉದುರುವ ಕಾಲದಲ್ಲಿ ದಿನಕ್ಕೊಮ್ಮೆ ಬಾಚಿದರೆ ನುಂಗುವ ಕೂದಲೇ ಕಡಿಮೆಯಾಗುತ್ತದೆ. ಒದ್ದೆ ಆಹಾರದಲ್ಲಿ ಕಾಲು ಟೀಚಮಚ ಇಸಬ್‌ಗೋಲ್ ಹೊಟ್ಟನ್ನು ಚೆನ್ನಾಗಿ ನೀರು ಸೇರಿಸಿ ನೆನೆಸಿ ಕೊಡಬಹುದು. ಒಣದಾಗಿ ಉದುರಿಸಿದರೆ ಅದೇ ಮಲಬದ್ಧತೆ ತರುತ್ತದೆ. ಹರಳೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಎಂದು ಬಾಯಿಗೆ ಎಣ್ಣೆ ಹೊಯ್ಯುವುದು ಬೇಡ. ಒದ್ದಾಡುವ ಬೆಕ್ಕಿನ ಶ್ವಾಸನಾಳಕ್ಕೆ ಎಣ್ಣೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ತಟ್ಟೆಯಲ್ಲಿ ಇರುವುದೇನು?

ಈಗ ಆಹಾರಕ್ಕೆ ಬರೋಣ. ಕನ್ನಡದ ಬಹಳಷ್ಟು ಮನೆಗಳಲ್ಲಿ ಬೆಕ್ಕಿನ ಊಟವೆಂದರೆ ಹಾಲು ಅನ್ನ, ಇಲ್ಲವೇ ಮೊಸರನ್ನ. ಹಾಲೂಡುವುದು ಬಿಟ್ಟ ಮೇಲೆ ಬೆಕ್ಕಿನ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕಡಿಮೆಯಾಗುತ್ತ ಹೋಗುತ್ತದೆ. ಕೆಲವು ಬೆಕ್ಕುಗಳಿಗೆ ಹಾಲಿನಿಂದ ಭೇದಿ, ಕೆಲವಕ್ಕೆ ವಾಂತಿ, ಕೆಲವಕ್ಕೆ ಏನೂ ಆಗುವುದಿಲ್ಲ. ಹೀಗಾಗಿ "ನಮ್ಮಜ್ಜಿಯ ಕಾಲದಿಂದ ಹಾಲನ್ನೇ ಹಾಕಿದ್ದೇವೆ" ಎಂಬ ವಾದ ಸುಳ್ಳಲ್ಲ, ಆದರೆ ಅಜ್ಜಿಯ ಕಾಲದ ಬೆಕ್ಕು ಹಾಲು ಕುಡಿದು ಹಿತ್ತಲಿಗೆ ಹೋಗಿ ಇಲಿ ಹಿಡಿದು ತಿನ್ನುತ್ತಿತ್ತು. ಮೂರನೇ ಮಹಡಿಯ ಫ್ಲ್ಯಾಟಿನ ಬೆಕ್ಕಿಗೆ ಆ ಅನುಕೂಲವಿಲ್ಲ. ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು, ಕೊರತೆಯಾದರೆ ಕಣ್ಣಿನ ಅಕ್ಷಿಪಟಲವೂ ಹೃದಯದ ಸ್ನಾಯುವೂ ಸೊರಗುತ್ತವೆ. ಹೃದಯದ ಕಾಯಿಲೆಗೂ ಟಾರಿನ್ನಿಗೂ ಇರುವ ನಂಟು 1987ರಲ್ಲಿ ಸ್ಪಷ್ಟವಾದ ಮೇಲೆಯೇ ತಯಾರಕರು ಬೆಕ್ಕಿನ ಆಹಾರದಲ್ಲಿ ಅದರ ಪ್ರಮಾಣ ಹೆಚ್ಚಿಸಿದರು. ಇನ್ನು ಆರ್ಜಿನೀನ್ ಎಂಬ ಅಮೈನೋ ಆಮ್ಲ ಒಂದೇ ಊಟದಲ್ಲಿ ಪೂರ್ತಿ ಇಲ್ಲದಿದ್ದರೂ ಕೆಲವೇ ಗಂಟೆಗಳಲ್ಲಿ ರಕ್ತದ ಅಮೋನಿಯಾ ಏರಿ ಬೆಕ್ಕು ವಾಂತಿ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ದಿನನಿತ್ಯದ ಆಹಾರದಲ್ಲಿ ಅಷ್ಟು ಕೊರತೆ ಆಗುವುದಿಲ್ಲವಾದರೂ, ಅದರ ದೇಹ ಮಾಂಸದ ಪ್ರೊಟೀನಿಗೆ ಎಷ್ಟು ಕಟ್ಟುಬಿದ್ದಿದೆ ಎಂಬುದಕ್ಕೆ ಇದು ಸಾಕ್ಷಿ. ಸಸ್ಯಾಹಾರಿಗಳ ಮನೆಯಲ್ಲಿ ಮಾಂಸ ಬೇಯಿಸುವುದು ಆಗದ ಮಾತಾದರೆ ಅದಕ್ಕೆ ಮುಜುಗರಪಡಬೇಕಿಲ್ಲ. ಬೆಕ್ಕಿನದೇ ಸಂಪೂರ್ಣ ಆಹಾರವೆಂದು ಅಚ್ಚಾದ ಪೊಟ್ಟಣವನ್ನು ತಂದು ಹಾಕಬಹುದು. ನಾಯಿಯ ಆಹಾರ ಮಾತ್ರ ಬೆಕ್ಕಿಗೆ ಸಾಲದು.

ಸಾರು ಕಲಸಿದ ಅನ್ನದಲ್ಲಿ ಇನ್ನೊಂದು ತೊಂದರೆ. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಪುಡಿಯಾದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೀನಿನ ಸಾರಿನ ತುಂಡನ್ನು ತೊಳೆದು ಹಾಕಿದರೂ ಮಸಾಲೆ ಉಳಿದಿರುತ್ತದೆ. ಕರಾವಳಿಯ ಮನೆಗಳಲ್ಲಿ ಬೂತಾಯಿ, ಬಂಗುಡೆಯ ತಲೆಯನ್ನು ಹಸಿಯಾಗಿಯೇ ಎಸೆಯುವುದುಂಟು. ಕೆಲವು ಹಸಿ ಮೀನುಗಳಲ್ಲಿ ಥಯಾಮಿನ್ ಎಂಬ ಬಿ ಜೀವಸತ್ವವನ್ನು ನಾಶಪಡಿಸುವ ಕಿಣ್ವವಿದ್ದು, ಅದನ್ನೇ ದಿನವೂ ತಿಂದ ಬೆಕ್ಕು ಮೊದಲು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ಕತ್ತು ಎತ್ತಲಾರದೆ ತೂಗುಹಾಕುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಹಾಗೆಂದು ಬೇಯಿಸಿದ ಎಣ್ಣೆಮೀನೇ ಮೂರು ಹೊತ್ತೂ ಆಗಬಾರದು, ಇ ಜೀವಸತ್ವದ ಕೊರತೆಯಿಂದ ಮೈಯ ಕೊಬ್ಬೇ ಉರಿಯುವ ಕಾಯಿಲೆ ಬರುತ್ತದೆ.

ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಬೆಕ್ಕು ತಿಂದ ಒಂದು ಗಂಟೆಗೆ ಸರಿಯಾಗಿ ಕಾರತೊಡಗಿತ್ತು. ಆಹಾರ ಹಳೆಯದೇ, ಅಂಗಡಿಯೂ ಹಳೆಯದೇ. ಮೂರು ವಾರ ಬರೆದಿಟ್ಟ ಮೇಲೆ ಹೊಳೆದದ್ದು, ಹೊಸ ಪೊಟ್ಟಣ ಒಡೆದ ದಿನ ಪೊಟ್ಟಣದಿಂದಲೇ ನೇರವಾಗಿ ಹಾಕಿದಾಗ ವಾಂತಿಯಿಲ್ಲ, ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದ ಮೇಲೆ ವಾಂತಿ. ಡಬ್ಬದ ತಳದಲ್ಲಿ ತಿಂಗಳುಗಳಿಂದ ತೊಳೆಯದ ಪುಡಿ ಮತ್ತು ಕಮಟಿದ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಪ್ರತಿ ಸಲವೂ ಹೊಸ ಆಹಾರವನ್ನು ಅದರ ಮೇಲೆಯೇ ಸುರಿಯುತ್ತಿದ್ದೆವು. ಒಣ ಆಹಾರದ ಮೇಲ್ಮೈಗೆ ಸಿಂಪಡಿಸಿದ ಕೊಬ್ಬು ಗಾಳಿ, ತೇವ ತಗುಲಿದರೆ ಕೆಡುತ್ತದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಆದ್ದರಿಂದ ಆಹಾರವನ್ನು ಅದರ ಮೂಲ ಪೊಟ್ಟಣದಲ್ಲೇ ಬಿಗಿಯಾಗಿ ಮಡಚಿ, ಆ ಪೊಟ್ಟಣವನ್ನು ಡಬ್ಬದೊಳಗಿಟ್ಟು, ಒಡೆದ ಒಂದು ತಿಂಗಳೊಳಗೆ ಮುಗಿಯುವಷ್ಟೇ ಗಾತ್ರದ್ದನ್ನು ಕೊಳ್ಳುವುದು ಒಳ್ಳೆಯದು. ತೆರೆದ ಚೀಲದಿಂದ ತೂಗಿಕೊಡುವ ಬಿಡಿ ಆಹಾರ ಎಷ್ಟು ಅಗ್ಗವಾದರೂ ವಾಂತಿ ಮಾಡುತ್ತಿರುವ ಬೆಕ್ಕಿಗೆ ಬೇಡ. ಒದ್ದೆ ಆಹಾರವನ್ನು ನಮ್ಮ ಸೆಖೆಯಲ್ಲಿ ಗಂಟೆಗಿಂತ ಹೆಚ್ಚು ಹೊತ್ತು ತಟ್ಟೆಯಲ್ಲಿ ಬಿಡಬಾರದು.

ಆಹಾರ ಒಗ್ಗುತ್ತಿಲ್ಲವೇ ಎಂದು ಪರೀಕ್ಷಿಸುವುದು

ವೇಗ, ಕೂದಲು, ಶೇಖರಣೆ ಮೂರನ್ನೂ ಸರಿಪಡಿಸಿದ ಮೇಲೂ ವಾಂತಿ ಮುಂದುವರಿದು, ಬೆಕ್ಕು ಉಳಿದಂತೆ ಚೆನ್ನಾಗಿದ್ದರೆ, ಆಗ ಆಹಾರದ ಪ್ರೊಟೀನಿನ ಮೇಲೆ ಅನುಮಾನಪಡಬಹುದು. ಬೆಕ್ಕುಗಳಲ್ಲಿ ಅಲರ್ಜಿ ಹೆಚ್ಚಾಗಿ ಕಂಡುಬರುವುದು ದನದ ಮಾಂಸ, ಮೀನು ಮತ್ತು ಕೋಳಿಗೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ, ಕೂದಲಿನ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ, ಅವು ನಂಬುವಂತಹವಲ್ಲ. ನಂಬಬಹುದಾದದ್ದು ಒಂದೇ: ಬೆಕ್ಕು ಹಿಂದೆಂದೂ ತಿನ್ನದ ಒಂದೇ ಮೂಲದ ಮಾಂಸವನ್ನಾಗಲಿ, ಪ್ರೊಟೀನನ್ನು ಚೂರುಚೂರು ಮಾಡಿ ತಯಾರಿಸಿದ ಹೈಡ್ರೊಲೈಸ್ಡ್ ಆಹಾರವನ್ನಾಗಲಿ ಬಿಟ್ಟು ಬೇರೇನನ್ನೂ ಕೊಡದೆ ಕಾದು ನೋಡುವುದು. ಹೊಟ್ಟೆಯ ಲಕ್ಷಣಗಳಾದರೆ ಎರಡರಿಂದ ನಾಲ್ಕು ವಾರಗಳಲ್ಲಿ ಉತ್ತರ ಸಿಗುತ್ತದೆ. ಜೊತೆಗೆ ತುರಿಕೆಯೂ ಇದ್ದರೆ ಎಂಟು ವಾರ ಬೇಕು.

ಹೇಳಿದಷ್ಟು ಸುಲಭವಲ್ಲ ಇದು. ಪೊಟ್ಟಣದ ಮುಂಭಾಗದಲ್ಲಿ ಮೀನಿನ ಚಿತ್ರವಿದ್ದರೂ ಹಿಂದಿನ ಪಟ್ಟಿಯಲ್ಲಿ ಕೋಳಿಯ ಪುಡಿ ಇರುವುದು ಸಾಮಾನ್ಯ, ಆದ್ದರಿಂದ ಹಿಂಭಾಗವನ್ನು ಓದಬೇಕು. ಬಾತುಕೋಳಿ ಅಥವಾ ಮೊಲದ ಮಾಂಸ ಸಿಕ್ಕಿ ಮನೆಯಲ್ಲೇ ಬೇಯಿಸಿ ಕೊಡುವುದಾದರೆ ಉಪ್ಪು ಮಸಾಲೆಯಿಲ್ಲದೆ, ವಯಸ್ಕ ಬೆಕ್ಕಿಗೆ ಮಾತ್ರ, ಪರೀಕ್ಷೆಯ ಆ ಕೆಲವು ವಾರಗಳ ಮಟ್ಟಿಗೆ ಕೊಡಬಹುದು; ಬರಿಯ ಮಾಂಸದಲ್ಲಿ ಸುಣ್ಣದ ಅಂಶ ತೀರ ಕಡಿಮೆಯಿರುವುದರಿಂದ ಅದೇ ಕಾಯಂ ಊಟವಾಗಬಾರದು. ರುಚಿ ಸೇರಿಸಿದ ಜಂತುನಾಶಕದ ಮಾತ್ರೆ, ಮಕ್ಕಳು ಊಟದ ಮೇಜಿನ ಕೆಳಗೆ ಬೀಳಿಸುವ ತುಂಡು, ಎದುರು ಮನೆಯ ಅಕ್ಕನವರು ಪ್ರೀತಿಯಿಂದ ಇಡುವ ಬಟ್ಟಲು ಇವೆಲ್ಲ ಪರೀಕ್ಷೆಯನ್ನು ಕೆಡಿಸುತ್ತವೆ. ಹೊರಗೆ ತಿರುಗುವ ಬೆಕ್ಕಾದರೆ ಕುತ್ತಿಗೆಗೆ "ಔಷಧಿಯಲ್ಲಿದ್ದೇನೆ, ಏನೂ ಕೊಡಬೇಡಿ" ಎಂಬ ಚೀಟಿ ಕಟ್ಟಬಹುದು; ಆದರೆ ಹಲ್ಲಿ, ಜಿರಲೆಗಳಿಗೆ ಚೀಟಿ ಓದಲು ಬಾರದು. ಜಿರಲೆಯಂತಹ ಕೀಟಗಳ ಮೂಲಕ ಜಠರಕ್ಕೆ ಅಂಟಿಕೊಳ್ಳುವ ಫೈಸಲಾಪ್ಟೆರಾ ಎಂಬ ಹುಳುವೇ ವಾಂತಿಗೆ ಕಾರಣವಾಗಿರುವುದೂ ಉಂಟು. ಅದು ಮಲಪರೀಕ್ಷೆಯಲ್ಲಿ ಸುಲಭವಾಗಿ ಕಾಣುವುದಿಲ್ಲ. ಹೀಗಾಗಿ ಆಹಾರ ಪರೀಕ್ಷೆಗೆ ಮುನ್ನ ವೈದ್ಯರನ್ನು ಕೇಳಿ ಒಮ್ಮೆ ಜಂತುನಾಶಕ ಕೊಡಿಸಿಬಿಡುವುದು ಜಾಣತನ.

ವಾಂತಿ ನಿಂತಿತೆಂದರೆ ಪರೀಕ್ಷೆ ಅರ್ಧ ಮುಗಿಯಿತು. ಹಳೆಯ ಆಹಾರವನ್ನು ಮತ್ತೆ ಕೊಟ್ಟಾಗ ವಾಂತಿ ಮರಳಿದರೆ ಮಾತ್ರ ಅದೇ ಕಾರಣವೆಂದು ಸ್ಥಿರವಾಗುತ್ತದೆ. ಇದಕ್ಕೆ ಯಾರ ಮನಸ್ಸೂ ಒಪ್ಪುವುದಿಲ್ಲ, ಆದರೆ ಇದನ್ನು ಮಾಡದೆ ಬಿಟ್ಟವರು ವರ್ಷಗಟ್ಟಲೆ ಮೂರು ಪಟ್ಟು ಬೆಲೆಯ ಆಹಾರವನ್ನು ಅಗತ್ಯವಿದೆಯೋ ಇಲ್ಲವೋ ತಿಳಿಯದೆ ಕೊಳ್ಳುತ್ತಿರುತ್ತಾರೆ. ಯಾವ ಕಾರಣಕ್ಕೆ ಆಹಾರ ಬದಲಿಸಿದರೂ ಏಳರಿಂದ ಹತ್ತು ದಿನಗಳ ಅವಧಿಯಲ್ಲಿ, ಕಾಲು ಪಾಲು ಹೊಸದು ಮುಕ್ಕಾಲು ಹಳೆಯದು ಎಂದು ಆರಂಭಿಸಿ ನಿಧಾನವಾಗಿ ಬದಲಿಸಬೇಕು.

ಒಮ್ಮೆಗೇ ವಾಂತಿ ಹತ್ತಿದ ದಿನ ಏನು ಕೊಡಬೇಕು?

ಒಂದೆರಡು ಬಾರಿ ಕಾರಿ, ಚುರುಕಾಗಿಯೇ ಇರುವ ವಯಸ್ಕ ಬೆಕ್ಕಿಗೆ ಐದಾರು ಗಂಟೆ ಆಹಾರ ನಿಲ್ಲಿಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಟ್ಟು, ಆಮೇಲೆ ಉಪ್ಪಿಲ್ಲದೆ ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಕೋಳಿಯ ಎದೆಮಾಂಸವನ್ನು ಒಂದು ಚಮಚದಷ್ಟು ಕೊಡಿ. ನಿಂತರೆ ಮೂರು ನಾಲ್ಕು ಗಂಟೆಗೊಮ್ಮೆ ಇಷ್ಟಿಷ್ಟೇ ಮುಂದುವರಿಸಿ, ಎರಡು ಮೂರು ದಿನಗಳಲ್ಲಿ ಮಾಮೂಲಿ ಆಹಾರಕ್ಕೆ ಮರಳಬಹುದು. "ಲಂಘನಂ ಪರಮೌಷಧಂ" ಎಂಬುದು ಮನುಷ್ಯರಿಗೆ ಹೇಳಿದ ಮಾತು. ಬೆಕ್ಕನ್ನು, ಅದರಲ್ಲೂ ದಪ್ಪ ಬೆಕ್ಕನ್ನು, ಎರಡು ಮೂರು ದಿನ ಉಪವಾಸವಿಟ್ಟರೆ ಮೈಯ ಕೊಬ್ಬು ಯಕೃತ್ತಿಗೆ ಬಂದು ತುಂಬಿಕೊಂಡು, ಮೊದಲಿದ್ದ ತೊಂದರೆಗಿಂತ ದೊಡ್ಡ ಕಾಯಿಲೆ ಶುರುವಾಗುತ್ತದೆ. ಮರಿಗಳಿಗೆ, ಸಕ್ಕರೆ ಕಾಯಿಲೆಯ ಬೆಕ್ಕಿಗೆ ಈ ಐದಾರು ಗಂಟೆಯ ಉಪವಾಸವೂ ಬೇಡ. ಮನುಷ್ಯರ ವಾಂತಿಯ ಸಿರಪ್‌ಗಳನ್ನು ಕೊಡಬಾರದು. ವಾಂತಿ ತಡೆಯಲು ಪಶುವೈದ್ಯರು ಬಳಸುವ ಮಾರೋಪಿಟಂಟ್ ಒಳ್ಳೆಯ ಔಷಧಿಯೇ, ಆದರೆ ಕರುಳಿನಲ್ಲಿ ದಾರವೋ ರಬ್ಬರ್ ಬ್ಯಾಂಡೋ ಸಿಕ್ಕಿಕೊಂಡಿದ್ದರೆ ಅದು ವಾಂತಿಯನ್ನು ಮರೆಮಾಚಿ ಒಂದು ದಿನ ತಡಮಾಡಿಸುತ್ತದೆ.

ವಯಸ್ಸಾದ ಬೆಕ್ಕು

ಏಳೆಂಟು ವರ್ಷ ದಾಟಿದ ಬೆಕ್ಕಿನಲ್ಲಿ ಹೊಸದಾಗಿ ವಾಂತಿ ಆರಂಭವಾದರೆ ಆಹಾರದ ಪ್ರಯೋಗಕ್ಕೆ ಮುನ್ನ ರಕ್ತ ಮತ್ತು ಮೂತ್ರ ಪರೀಕ್ಷೆ ಆಗಬೇಕು. ಹಸಿವು ಹೆಚ್ಚಿ, ತಟ್ಟೆ ನೆಕ್ಕಿ ಖಾಲಿ ಮಾಡಿಯೂ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು. ನೀರು ಕುಡಿಯುವುದು, ಮರಳಿನಲ್ಲಿ ಮೂತ್ರದ ಉಂಡೆ ಎರಡೂ ದೊಡ್ಡದಾಗುತ್ತ ಊಟ ಕಡಿಮೆಯಾಗುತ್ತಿದ್ದರೆ ಮೂತ್ರಪಿಂಡ. ಮೂತ್ರಪಿಂಡದ ಕಾಯಿಲೆ ಖಚಿತವಾದಾಗ ಆಹಾರವೇ ಮುಖ್ಯ ಚಿಕಿತ್ಸೆ: ರಂಜಕ ಕಡಿಮೆ ಮಾಡಿದ ವಿಶೇಷ ಆಹಾರ ವಾಂತಿಯನ್ನು ತಗ್ಗಿಸುವುದಲ್ಲದೆ ಆಯಸ್ಸನ್ನೂ ಹೆಚ್ಚಿಸುತ್ತದೆ. ಆದರೆ ಪರೀಕ್ಷೆಯಿಲ್ಲದೆ, ಮುದಿ ಬೆಕ್ಕೆಂದ ಮಾತ್ರಕ್ಕೆ ಅದನ್ನು ತಿನ್ನಿಸತೊಡಗಿದರೆ ಪ್ರೊಟೀನ್ ಸಾಲದೆ ಸ್ನಾಯುಗಳು ಕರಗುತ್ತವೆ. ಒಣ ಆಹಾರದಲ್ಲಿ ನೀರಿನಂಶ ಶೇಕಡಾ ಹತ್ತರ ಆಸುಪಾಸು, ಒದ್ದೆ ಆಹಾರದಲ್ಲಿ ಎಪ್ಪತ್ತೈದಕ್ಕೂ ಮೇಲೆ. ಸ್ವಭಾವತಃ ಕಡಿಮೆ ನೀರು ಕುಡಿಯುವ ಈ ಪ್ರಾಣಿಗೆ ಮುಪ್ಪಿನಲ್ಲಿ ಒದ್ದೆ ಆಹಾರ ಹೆಚ್ಚು ಹೊಂದುತ್ತದೆ.

ರಕ್ತ, ಮೂತ್ರ ಎರಡೂ ಸರಿಯಿದ್ದು ತೂಕ ಇಳಿಯುತ್ತಲೇ ಇದ್ದರೆ ಉಳಿಯುವುದು ಕರುಳಿನ ದೀರ್ಘಕಾಲದ ಉರಿಯೂತ, ಇಲ್ಲವೇ ಅದನ್ನೇ ಹೋಲುವ ನಿಧಾನಗತಿಯ ಲಿಂಫೋಮಾ ಎಂಬ ಕ್ಯಾನ್ಸರ್. ಮೊದಲನೆಯದು ಕೆಲವೊಮ್ಮೆ ಹೈಡ್ರೊಲೈಸ್ಡ್ ಆಹಾರವೊಂದರಿಂದಲೇ ಹಿಡಿತಕ್ಕೆ ಬರುತ್ತದೆ, ಎರಡನೆಯದಕ್ಕೆ ಮಾತ್ರೆಗಳು ಬೇಕು. ಎರಡರಲ್ಲೂ ಬಿ12 ಜೀವಸತ್ವ ಕುಸಿದಿರುವುದು ಸಾಮಾನ್ಯವಾದ್ದರಿಂದ ಅದನ್ನು ಅಳೆಸಿ, ಕಡಿಮೆಯಿದ್ದರೆ ಚುಚ್ಚುಮದ್ದಿನಿಂದ ತುಂಬಿಸದ ಹೊರತು ಯಾವ ಆಹಾರವೂ ಹತ್ತುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಕರುಳಿನ ಗೋಡೆ ದಪ್ಪಗಿರುವುದು ಕಾಣುತ್ತದಾದರೂ ಎರಡನ್ನು ಬೇರ್ಪಡಿಸಲು ತುಣುಕು ತೆಗೆದು ಪರೀಕ್ಷಿಸಬೇಕು. ಈ ಸೌಲಭ್ಯ ಎಲ್ಲ ಊರುಗಳ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಹೋಗುವಾಗ ಕ್ಯಾಲೆಂಡರಿನ ಬರಹ, ತೂಕದ ಪಟ್ಟಿ, ವಿಡಿಯೋ, ಪೊಟ್ಟಣದ ಹಿಂಭಾಗದ ಫೋಟೊ ಜೊತೆಗಿರಲಿ. ತುಣುಕು ಪರೀಕ್ಷೆ ಮಾಡಿಸುವ ಯೋಚನೆ ಇದ್ದರೆ ಅದಕ್ಕೆ ಮುನ್ನ ಸ್ಟೀರಾಯ್ಡ್ ಆರಂಭಿಸಬೇಕೇ ಎಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿ, ಏಕೆಂದರೆ ಕೆಲವು ವಾರ ಸ್ಟೀರಾಯ್ಡ್ ತಿಂದ ಬೆಕ್ಕಿನ ಕರುಳಿನಿಂದ ತೆಗೆದ ತುಣುಕು ಎರಡು ಕಾಯಿಲೆಗಳಲ್ಲಿ ಯಾವುದೆಂದು ಹೇಳದೆ ಹೋಗಬಹುದು.